ಮೊದಲು ರೊಟ್ಟಿ, ಆಮೇಲೆ ಪ್ರಶ್ನೆ

ಕನ್ನಡನಾಡಿನಲ್ಲಿ ಇಬ್ಬರು ಎದುರಾದರೆ ಮೊದಲು ಬರುವ ಮಾತು "ಊಟ ಆಯ್ತಾ?" ಎಂಬುದು. ಅದೇ ನಾಡಿನ ಎಷ್ಟೋ ಸಭೆಗಳಲ್ಲಿ, ಹದಿನೈದು ದಿನದಿಂದ ನಿದ್ದೆಗೆಟ್ಟು, ಹಾಸಿಗೆ ಬಿಟ್ಟೇಳಲೂ ಮನಸ್ಸಿಲ್ಲದೆ, ಹೇಗೋ ಕಾಲೆಳೆದುಕೊಂಡು ಬಂದ ವಿಶ್ವಾಸಿ ಪಾಸ್ಟರ ಎದುರು ಕೂತಾಗ ಕೇಳಿಬರುವ ಮೊದಲ ಪ್ರಶ್ನೆ ಬೇರೆ: "ಪ್ರಾರ್ಥನೆ ಮಾಡ್ತಾ ಇದ್ದೀರಾ?" ಎರಡನೆಯದು ತುಸು ದನಿ ತಗ್ಗಿಸಿ: "ದೇವರ ಮುಂದೆ ಅರಿಕೆ ಮಾಡದೆ ಉಳಿದ ಪಾಪ ಏನಾದರೂ ಇದೆಯಾ?" ಹೆರಿಗೆಯಾಗಿ ಎರಡು ತಿಂಗಳಾದರೂ ಮಗುವಿನ ಮುಖ ನೋಡಿದರೆ ಅಳು ಬರುವ ತಾಯಿಗೂ ಇದೇ ಪ್ರಶ್ನೆ. ಕೆಲಸ ಹೋದ ಗಂಡಸಿಗೂ ಇದೇ. ಪರೀಕ್ಷೆಯಲ್ಲಿ ಫೇಲಾಗಿ ಮಾತು ಬಿಟ್ಟ ಹುಡುಗನಿಗೂ ಇದೇ. ಆಮೇಲೆ ಒಂದು ವಾಕ್ಯ, ತಲೆಯ ಮೇಲೆ ಕೈಯಿಟ್ಟು ಒಂದು ಪ್ರಾರ್ಥನೆ, ಶುಕ್ರವಾರದ ಉಪವಾಸ ಕೂಟಕ್ಕೆ ಬರುವಂತೆ ಒಂದು ಕರೆ. ಬಂದವರು ಹಿಂದಿರುಗುವಾಗ ಮೊದಲಿದ್ದ ಭಾರದ ಜೊತೆಗೆ ಇನ್ನೊಂದನ್ನು ಹೊತ್ತು ಹೋಗುತ್ತಾರೆ: ನನ್ನ ನಂಬಿಕೆಯೇ ಸರಿಯಿಲ್ಲ.

ಇದರ ಹಿಂದೆ ಒಂದು ಸಿದ್ಧಾಂತವಿದೆ. ಮನಸ್ಸಿನ ಸಂಕಟಕ್ಕೆ ಬೈಬಲ್ ಒಂದೇ ಸಾಕು. ದೇಹದಲ್ಲಿ ಕಾಯಿಲೆ ಕಾಣದಿದ್ದರೆ ಖಿನ್ನತೆಗೂ ಭಯಕ್ಕೂ ಬೇರು ಪಾಪದಲ್ಲಿದೆ, ಇಲ್ಲವೇ ನಂಬಿಕೆಯ ಕೊರತೆಯಲ್ಲಿದೆ. ಮನೋವೈದ್ಯರ ಬಳಿ ಹೋಗುವುದೆಂದರೆ ದೇವರ ವಾಕ್ಯವನ್ನು ಅನುಮಾನಿಸಿದಂತೆ. ಇದು ನಮ್ಮಲ್ಲಷ್ಟೇ ಇರುವ ನಂಬಿಕೆಯಲ್ಲ. ಅಮೆರಿಕದ ಲೈಫ್‌ವೇ ರಿಸರ್ಚ್ ಸಂಸ್ಥೆ 2013ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಗಂಭೀರ ಮಾನಸಿಕ ಕಾಯಿಲೆಯನ್ನು ಬೈಬಲ್ ಓದು ಮತ್ತು ಪ್ರಾರ್ಥನೆಯಿಂದಲೇ ಗೆಲ್ಲಬಹುದು ಎಂದವರು ಇವಾಂಜೆಲಿಕಲ್ ಕ್ರೈಸ್ತರಲ್ಲಿ ಶೇ. 48. ಹೆಚ್ಚು ಕಡಿಮೆ ಅರ್ಧದಷ್ಟು ಜನ.

ಈ ಮತವನ್ನು ಸಾಮಾನ್ಯವಾಗಿ ವಿಜ್ಞಾನದ ಹೆಸರಿನಲ್ಲಿ ಖಂಡಿಸುತ್ತಾರೆ. ಅದರಿಂದ ಪ್ರಯೋಜನ ಕಡಿಮೆ. "ನೀವು ವಿಜ್ಞಾನ ನಂಬಿ, ನಾವು ವಾಕ್ಯ ನಂಬುತ್ತೇವೆ" ಎಂದು ಎದ್ದುಹೋಗಲು ಅವರಿಗೆ ಬಾಗಿಲು ತೆರೆದೇ ಇರುತ್ತದೆ. ಆದ್ದರಿಂದ ವ್ಯಾಜ್ಯವನ್ನು ಅವರೇ ಒಪ್ಪುವ ನ್ಯಾಯಾಲಯಕ್ಕೆ ಒಯ್ಯಬೇಕು. ಪುಸ್ತಕ ತೆರೆದು ನೋಡಿದರೆ, "ಬೈಬಲ್ ಒಂದೇ ಸಾಕು" ಎಂಬ ಮತ ಮೊದಲು ಸೋಲುವುದು ಬೈಬಲಿನ ಮುಂದೆಯೇ.

ಈ ಮತಕ್ಕೆ ಆಧುನಿಕ ಕಾಲದಲ್ಲಿ ಶಾಸ್ತ್ರದ ರೂಪ ಕೊಟ್ಟವರು ಜೇ ಆಡಮ್ಸ್ (1929–2020). ಫಿಲಡೆಲ್ಫಿಯಾದ ವೆಸ್ಟ್‌ಮಿನ್‌ಸ್ಟರ್ ಸೆಮಿನರಿಯಲ್ಲಿ ಪಾಠ ಹೇಳುತ್ತಿದ್ದ ಪ್ರೆಸ್‌ಬಿಟೇರಿಯನ್ ಪಾದ್ರಿ. 1970ರಲ್ಲಿ ಅವರು ಬರೆದ 'ಕಾಂಪಿಟೆಂಟ್ ಟು ಕೌನ್ಸೆಲ್' ಪುಸ್ತಕ ಒಂದು ಚಳವಳಿಯನ್ನೇ ಹುಟ್ಟುಹಾಕಿತು. ಅವರ ಸಿಟ್ಟಿಗೆ ಕಾರಣವಿತ್ತು ಎಂಬುದನ್ನು ಒಪ್ಪಬೇಕು. ಆ ಕಾಲದ ಅಮೆರಿಕದ ಪಾದ್ರಿಗಳಿಗೆ ಸೆಮಿನರಿ ಕಲಿಸುತ್ತಿದ್ದುದು ಕೈಚೆಲ್ಲುವ ವಿದ್ಯೆಯನ್ನು: ಯಾರಾದರೂ ಅಳುತ್ತ ಬಂದರೆ ಮನೋವೈದ್ಯರ ವಿಳಾಸ ಕೊಟ್ಟು ಕಳಿಸಿಬಿಡುವುದು. ಸಭೆಯ ಸಾಮಾನ್ಯ ವಿಶ್ವಾಸಿಗೂ ಇನ್ನೊಬ್ಬರಿಗೆ ನೆರವಾಗುವ ಯೋಗ್ಯತೆ ಇದೆ ಎಂದು ಆಡಮ್ಸ್ ಹೇಳಿದ್ದು ಸರಿಯಾಗಿಯೇ ಇತ್ತು. ರೋಮಾಪುರದವರಿಗೆ ಬರೆದ ಪತ್ರದ 15ನೆಯ ಅಧ್ಯಾಯದಲ್ಲಿ ಪೌಲ ಹೇಳುವುದೂ ಅದನ್ನೇ. ತೊಂದರೆ ಶುರುವಾದದ್ದು ಆ ಮಾತಿಗೆ ಅವರು ಹೂಡಿದ, ಸಂಕಟದ ಬೇರು ಪಾಪವೇ ಎಂಬ ನೊಗದಿಂದ.

ಆ ನೊಗ ಎಲ್ಲಿಂದ ಬಂತು ಎಂಬುದೇ ಒಂದು ತಮಾಷೆಯ ಕಥೆ. 1965ರ ಬೇಸಿಗೆಯಲ್ಲಿ ಆಡಮ್ಸ್ ಇಲಿನಾಯ್ ರಾಜ್ಯಕ್ಕೆ ಹೋಗಿ, ಗೇಲ್ಸ್‌ಬರ್ಗ್ ಮತ್ತು ಕ್ಯಾಂಕಕೀ ಊರುಗಳ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಒಬ್ಬ ಮನಶ್ಶಾಸ್ತ್ರಜ್ಞರ ಕೈಕೆಳಗೆ ಕೆಲಸ ಮಾಡಿದರು. ಅವರು ಹೋಬಾರ್ಟ್ ಮೌರರ್. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿದ್ದವರು. ಫ್ರಾಯ್ಡ್ ಹೇಳಿದ್ದು ತಲೆಕೆಳಗು, ರೋಗಿಗಳನ್ನು ಕಾಡುವುದು ಸುಳ್ಳು ಅಪರಾಧಿ ಭಾವವಲ್ಲ, ನಿಜವಾದ ಅಪರಾಧ; ಅದನ್ನು ಒಪ್ಪಿಕೊಂಡು ಸರಿಪಡಿಸಿದರೆ ಗುಣವಾಗುತ್ತದೆ ಎಂಬುದು ಮೌರರ್ ವಾದ. ಆಡಮ್ಸ್ ಅವರಿಗೆ ಕಣ್ಣು ತೆರೆದಂತಾಯಿತು. ಮೌರರ್ ಋಣವನ್ನು ಅವರು ಪುಸ್ತಕದ ಮೊದಲಿಗೇ ಒಪ್ಪಿಕೊಂಡಿದ್ದಾರೆ, ತಾನು ಅವರ ಶಿಷ್ಯನಲ್ಲ ಎಂಬ ಮಾತನ್ನೂ ಸೇರಿಸಿ. ಅಂದರೆ ಮನಶ್ಶಾಸ್ತ್ರ ಬೇಡವೇ ಬೇಡ ಎಂಬ ಚಳವಳಿಯ ಅಡಿಗಲ್ಲಲ್ಲಿ ಒಬ್ಬ ಮನಶ್ಶಾಸ್ತ್ರಜ್ಞನ ಕೈಗುರುತಿದೆ. ಮೌರರ್ ಬದುಕಿನುದ್ದಕ್ಕೂ ಖಿನ್ನತೆಯೊಡನೆ ಸೆಣಸಿದವರು. ಅರಿಕೆಯ ಮದ್ದನ್ನು ಅವರಷ್ಟು ಶ್ರದ್ಧೆಯಿಂದ ಸೇವಿಸಿದವರು ಕಡಿಮೆ. ಆದರೂ 1982ರಲ್ಲಿ ಅವರ ಜೀವವನ್ನು ತೆಗೆದುಕೊಂಡದ್ದು ಆ ಕಾಯಿಲೆಯೇ. ಇದನ್ನು ಹಂಗಿಸಲು ಹೇಳುತ್ತಿಲ್ಲ. ಮದ್ದು ಅರೆದವನಿಗೇ ಸಾಲದ ಮದ್ದನ್ನು ಊರಿಗೆಲ್ಲ ಹಂಚುವ ಮುನ್ನ ಯೋಚಿಸಬೇಕಿತ್ತು ಎನ್ನಲು ಹೇಳುತ್ತಿರುವುದು.

ಆಡಮ್ಸ್ ತಮ್ಮ ಪದ್ಧತಿಗೆ ಇಟ್ಟ ಹೆಸರು 'ನೌಥೆಟಿಕ್' ಸಮಾಲೋಚನೆ. ಗ್ರೀಕಿನ 'ನೌಥೆತೇಯೋ' ಎಂಬ ಕ್ರಿಯಾಪದದಿಂದ ತೆಗೆದದ್ದು. ಅಕ್ಷರಶಃ ಮನಸ್ಸಿನಲ್ಲಿ ಇಡು ಎಂದರ್ಥ. ಕನ್ನಡದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಮಾತಿದೆ, ಬುದ್ಧಿ ಹೇಳು. ತಪ್ಪನ್ನು ಎದುರಿಗಿಟ್ಟು, ಪ್ರೀತಿಯಿಂದಲೇ, ತಿದ್ದುವುದು. ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದ ಬರುವುದು 8 ಕಡೆ. ಹತ್ತಿರ ಕರೆದು ಸಂತೈಸು, ಧೈರ್ಯ ತುಂಬು, ಬೇಡಿಕೊ ಎಂಬೆಲ್ಲ ಅರ್ಥ ಕೊಡುವ 'ಪರಕಲೇಯೋ' ಬರುವುದು ನೂರಕ್ಕೂ ಹೆಚ್ಚು ಕಡೆ. ಯೋಹಾನನ ಸುವಾರ್ತೆಯಲ್ಲಿ ಪವಿತ್ರಾತ್ಮನಿಗೆ ಇರುವ ಹೆಸರೂ ಇದೇ ಬೇರಿನದು. ಎಂಟು ಸಲ ಬಂದ ಪದವನ್ನು ಇಡೀ ಮನೆಗೆ ತೊಲೆಯಾಗಿ ಇಟ್ಟು, ನೂರು ಸಲ ಬಂದದ್ದನ್ನು ಅಟ್ಟಕ್ಕೆ ಹಾಕಿದ್ದು ಯಾವ ಲೆಕ್ಕ?

ಎಣಿಕೆಯಿಂದಲೇ ದೇವಶಾಸ್ತ್ರ ತೀರ್ಮಾನವಾಗುವುದಿಲ್ಲ, ನಿಜ. ಹಾಗಾದರೆ ಆ ಎಂಟರಲ್ಲಿ ಒಂದನ್ನೇ ಬಿಡಿಸಿ ನೋಡೋಣ. ಥೆಸಲೊನೀಕದವರಿಗೆ ಬರೆದ ಮೊದಲ ಪತ್ರ, 5ನೆಯ ಅಧ್ಯಾಯ, 14ನೆಯ ವಚನ. ಅಲ್ಲಿ ಪೌಲ ಒಂದೇ ಉಸಿರಿನಲ್ಲಿ ನಾಲ್ಕು ಬಗೆಯ ಜನರಿಗೆ ನಾಲ್ಕು ಬೇರೆ ಬೇರೆ ಕೆಲಸ ಹೇಳುತ್ತಾನೆ. ಬುದ್ಧಿ ಹೇಳಬೇಕಾದದ್ದು ಶಿಸ್ತು ತಪ್ಪಿ ನಡೆಯುವವರಿಗೆ. ಮನಸ್ಸು ಕುಗ್ಗಿದವರಿಗೆ ಅವನು ಬಳಸುವ ಪದ ಬೇರೆ. ಲಾಜರ ಸತ್ತಾಗ ಬೇಥಾನ್ಯದ ಮನೆಗೆ ಬಂದು ಮಾರ್ಥಾ, ಮರಿಯರ ಪಕ್ಕ ಕೂತ ನೆರೆಹೊರೆಯವರಿಗೆ ಯೋಹಾನ ಬಳಸುವುದು ಅದೇ ಪದ. ಸಾವಿನ ಮನೆಗೆ ಹೋದಾಗ ನಾವು ಮಾಡುತ್ತೇವಲ್ಲ, ಅದು. ಬಲವಿಲ್ಲದವರ ವಿಷಯಕ್ಕೆ ಮೂರನೆಯ ಪದ, ಬಿಡದೆ ಹಿಡಿದುಕೊಳ್ಳಿ ಎಂಬರ್ಥದ್ದು. ಕೊನೆಗೆ ಎಲ್ಲರ ವಿಷಯದಲ್ಲೂ ತಾಳ್ಮೆ. ಪೌಲನ ಕೈಯಲ್ಲಿ ನಾಲ್ಕು ಸೀಸೆಗಳಿದ್ದವು, ಪ್ರತಿಯೊಂದಕ್ಕೂ ಚೀಟಿ ಅಂಟಿಸಿದ್ದ. ಮನಗುಂದಿದವರಿಗೆ ಬುದ್ಧಿ ಹೇಳುವುದೆಂದರೆ ಎರಡನೆಯ ರೋಗಿಗೆ ಮೊದಲನೆಯ ಸೀಸೆಯ ಔಷಧ ಕುಡಿಸಿದಂತೆ.

ಇದು ಹೊಸಗಾಲದ ಮೆದು ಹೃದಯದವರು ಕಂಡುಹಿಡಿದ ವ್ಯಾಖ್ಯಾನವೂ ಅಲ್ಲ. 590ರಲ್ಲಿ ಪೋಪ್ ಆದ ಗ್ರೆಗೊರಿ ಸಭಾಪಾಲಕರಿಗೆಂದು ಬರೆದ ಕೈಪಿಡಿಯ ಮೂರನೆಯ ಭಾಗವೆಲ್ಲ ಇದೇ ವಿಚಾರ. ಸಂತೋಷದಲ್ಲಿರುವವರು–ದುಃಖದಲ್ಲಿರುವವರು, ಆಳುವವರು–ಅಧೀನರು, ಆರೋಗ್ಯವಂತರು–ರೋಗಿಗಳು ಎಂದು 36 ಜೋಡಿ ಮಾಡಿ, ಒಬ್ಬರಿಗೆ ಹೇಳುವ ಮಾತನ್ನು ಇನ್ನೊಬ್ಬರಿಗೆ ಹೇಳಿದರೆ ಹೇಗೆ ಕೆಡುತ್ತದೆ ಎಂದು ವಿವರಿಸಿದ್ದಾನೆ.

ಈಗ ಎಲೀಯನ ಬಳಿಗೆ ಬರೋಣ. ಖಿನ್ನತೆಯ ಬಗ್ಗೆ ಪ್ರಸಂಗ ಮಾಡುವವರೆಲ್ಲ ಅರಸುಗಳ ಮೊದಲ ಗ್ರಂಥದ 19ನೆಯ ಅಧ್ಯಾಯ ಓದುತ್ತಾರೆ. ಓದಿ, ಬಹಳ ಜನ ನೇರ ಹೋರೇಬ್ ಬೆಟ್ಟಕ್ಕೆ ಹಾರಿಬಿಡುತ್ತಾರೆ. ದಾರಿಯಲ್ಲಿ ಏನಾಯಿತೆಂದು ನಿಂತು ನೋಡುವುದಿಲ್ಲ. ಕರ್ಮೆಲ್ ಬೆಟ್ಟದಲ್ಲಿ ದೊಡ್ಡ ಗೆಲುವು ಕಂಡ ಪ್ರವಾದಿ, ಈಜೆಬೆಲ್ ರಾಣಿಯ ಒಂದು ಬೆದರಿಕೆಗೆ ಓಡುತ್ತಾನೆ. ಬೇರ್ಷೆಬದಲ್ಲಿ ಸೇವಕನನ್ನು ಬಿಟ್ಟು ಒಬ್ಬನೇ ಒಂದು ದಿನದ ದಾರಿ ಮರುಭೂಮಿಯೊಳಗೆ ಹೋಗಿ, ಒಂಟಿ ಗಿಡದ ಕೆಳಗೆ ಕೂತು, ಸಾಕು, ಜೀವ ತೆಗೆದುಕೊ ಎಂದು ದೇವರನ್ನು ಕೇಳುತ್ತಾನೆ. ಮಲಗಿಬಿಡುತ್ತಾನೆ.

ನಮ್ಮ ಪಾಸ್ಟರ್ ಅಲ್ಲಿದ್ದಿದ್ದರೆ ಕೇಳಬಹುದಾದ ಪ್ರಶ್ನೆಗಳು ಒಂದೆರಡಲ್ಲ. ನಿನ್ನೆ ಬೆಂಕಿ ಇಳಿದದ್ದನ್ನು ಕಂಡವನು ಇವತ್ತು ಹೆಂಗಸೊಬ್ಬಳಿಗೆ ಹೆದರುತ್ತೀಯಾ? ನಿನ್ನ ನಂಬಿಕೆ ಎಲ್ಲಿ? ಸಾವು ಕೇಳುವುದು ಪಾಪವೆಂದು ಗೊತ್ತಿಲ್ಲವೇ? ದೇವದೂತ ಇದರಲ್ಲಿ ಒಂದನ್ನೂ ಕೇಳಲಿಲ್ಲ. ಮೈ ಮುಟ್ಟಿ ಎಬ್ಬಿಸಿ, ಎದ್ದು ತಿನ್ನು ಎಂದ. ತಲೆದೆಸೆಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು, ಕುಡಿದು, ಮತ್ತೆ ಮಲಗಿದ. ಮತ್ತೆ ಮಲಗಿದ್ದಕ್ಕೂ ಬೈಗುಳವಿಲ್ಲ. ದೂತ ಎರಡನೆಯ ಸಲ ಬಂದು ಮುಟ್ಟಿ, ಇನ್ನೂ ಸ್ವಲ್ಪ ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂಬರ್ಥದ ಮಾತಾಡಿದ. ದಾರಿ ಹೆಚ್ಚಾಯಿತು ಎಂದನೇ ಹೊರತು ನಿನ್ನ ನಂಬಿಕೆ ಕಡಿಮೆಯಾಯಿತು ಎನ್ನಲಿಲ್ಲ. ನಿದ್ದೆ, ಊಟ, ನೀರು, ಮೈ ಸ್ಪರ್ಶ, ಮತ್ತೆ ನಿದ್ದೆ, ಮತ್ತೆ ಊಟ. ಇಷ್ಟಾದ ಮೇಲೆ ನಲವತ್ತು ದಿನದ ನಡಿಗೆ. ಆಮೇಲಷ್ಟೇ ಬೆಟ್ಟದ ಮೇಲೆ ದೇವರ ಪ್ರಶ್ನೆ: ಇಲ್ಲೇನು ಮಾಡುತ್ತಿದ್ದೀ?

ಎಲೀಯ ದೂರು ಹೇಳಿಕೊಳ್ಳುತ್ತಾನೆ. ಬಿರುಗಾಳಿ, ಭೂಕಂಪ, ಬೆಂಕಿ, ಆಮೇಲೆ ಮೆಲುದನಿ. ಅದೇ ಪ್ರಶ್ನೆ ಮತ್ತೊಮ್ಮೆ. ಎಲೀಯನ ಉತ್ತರವೂ ಮತ್ತೊಮ್ಮೆ ಅದೇ; ಒಂದಕ್ಷರ ಬದಲಾಗದೆ ಮೊದಲ ದೂರನ್ನೇ ಒಪ್ಪಿಸುತ್ತಾನೆ. ಖಿನ್ನತೆಯವರ ಜೊತೆ ಕೂತವರಿಗೆ ಇದು ಗೊತ್ತಿರುವ ವಿಷಯ. ಸಾಕ್ಷಾತ್ ದೇವರ ದರ್ಶನವಾದರೂ ಮಾತು ಅದೇ ಗಾಣದಲ್ಲಿ ತಿರುಗುತ್ತದೆ. ದೇವರು ಇಷ್ಟಾದರೂ ತಿಳಿಯಲಿಲ್ಲವೇ ಎಂದು ಗದರುವುದಿಲ್ಲ. ಮಾಡಲು ಕೆಲಸ ಕೊಡುತ್ತಾನೆ, ಜೊತೆಗೆ ಎಲೀಷನೆಂಬ ಸಂಗಡಿಗನನ್ನು ಕೊಡುತ್ತಾನೆ, ನೀನೊಬ್ಬನೇ ಅಲ್ಲ, ಇನ್ನೂ ಏಳು ಸಾವಿರ ಜನ ಇದ್ದಾರೆ ಎಂಬ ಸುದ್ದಿ ಕೊಡುತ್ತಾನೆ.

ಇಲ್ಲಿ ಆಡಮ್ಸ್ ಪಕ್ಷದವರು ಎದ್ದು ನಿಲ್ಲಬಹುದು: ಎಲೀಯನ ಮಾತು ಬೇರೆ, ಅವನದು ದಣಿವು, ನಿಜವಾಗಿ ಪಾಪ ಮಾಡಿ ಕುಗ್ಗಿದವರ ಗತಿಯೇನು? ಸರಿ, ಪೇತ್ರನನ್ನು ಕರೆಯೋಣ. ಮೂರು ಸಲ ಗುರುವನ್ನು ಅರಿಯೆನೆಂದವನು. ಪಾಪ ನಿಜ, ಅಪರಾಧಿ ಭಾವವೂ ನಿಜ. ಅವನು ಅರಿಯೆನೆಂದದ್ದು ಮಹಾಯಾಜಕನ ಅಂಗಳದಲ್ಲಿ, ಕೆಂಡದ ಬೆಂಕಿ ಕಾಯಿಸಿಕೊಳ್ಳುತ್ತ. ಕೆಂಡದ ರಾಶಿಗೆ ಯೋಹಾನ ಬಳಸಿದ ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ. ಅದೇ ಸುವಾರ್ತೆಯ 21ನೆಯ ಅಧ್ಯಾಯದಲ್ಲಿ, ತಿಬೇರಿಯ ಸಮುದ್ರದ ದಡದಲ್ಲಿ. ರಾತ್ರಿಯೆಲ್ಲ ಬಲೆ ಬೀಸಿ ಸೋತು ಬಂದವರಿಗೆ ಪುನರುತ್ಥಾನನಾದ ಯೇಸು ಕೆಂಡದ ಮೇಲೆ ಮೀನು ಸುಟ್ಟು, ರೊಟ್ಟಿ ಇಟ್ಟು, ಬಂದು ಊಟ ಮಾಡಿ ಎನ್ನುತ್ತಾನೆ. ಪೇತ್ರನಿಗೆ ಕೇಳಬೇಕಾದ ಕಠಿಣ ಪ್ರಶ್ನೆ ಇದ್ದೇ ಇತ್ತು, ಮೂರು ಸಲ ಕೇಳಿದ್ದೂ ಆಯಿತು. ಆದರೆ ಯೋಹಾನ ಎಚ್ಚರಿಕೆಯಿಂದ ದಾಖಲಿಸುತ್ತಾನೆ: ಅವರು ಊಟ ಮಾಡಿದ ಮೇಲೆ. ಸತ್ತು ಎದ್ದು ಬಂದವನಿಗೆ ಅಡುಗೆ ಮಾಡಲು ಪುರುಸೊತ್ತು ಸಿಕ್ಕಿತು. ನಮ್ಮ ಸಮಾಲೋಚಕರಿಗೆ ಒಂದು ಲೋಟ ಕಾಫಿ ಕೊಡುವಷ್ಟರಲ್ಲಿ ಪಾಪದ ಪಟ್ಟಿ ಬೇಕು.

ಪಾಪವನ್ನು ಎದುರಿಗಿಟ್ಟು ತಿದ್ದಿದ ಉದಾಹರಣೆಯೆಂದು ಅವರು ಎತ್ತುವುದು ನಾತಾನ ಪ್ರವಾದಿಯನ್ನು. ಒಳ್ಳೆಯ ಉದಾಹರಣೆ. ಆದರೆ ನಾತಾನ ಬುದ್ಧಿ ಹೇಳಿದ್ದು ಯಾರಿಗೆ? ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ಇಟ್ಟುಕೊಂಡ ಅರಸ ದಾವೀದನಿಗೆ. ಕಣ್ಣೀರಿಡುವ ಬತ್ಷೆಬೆಯ ಬಳಿ ಹೋಗಿ ನಿನ್ನ ಪಾಲಿನ ತಪ್ಪೇನು ಎಂದು ಅವನು ಕೇಳಲಿಲ್ಲ. ಬೈಬಲಿನಲ್ಲಿ ಪ್ರವಾದಿಯ ಎದುರುನಿಲ್ಲುವಿಕೆ ಸಾಮಾನ್ಯವಾಗಿ ಮೇಲಕ್ಕೆ ಸಾಗುತ್ತದೆ, ಬಲವಿದ್ದವರ ಕಡೆಗೆ. ಸಭೆಯ ಕೋಣೆಗಳಲ್ಲಿ ಅದು ಕೆಳಕ್ಕೆ ಹರಿಯುತ್ತಿದೆ. ಗಂಡ ಹೊಡೆದನೆಂದು ಬಂದವಳಿಗೆ ಅಧೀನಳಾಗಿರುವ ಪಾಠ, ಕ್ಷಮಿಸುವ ಪಾಠ, ನಿನ್ನ ನಾಲಗೆಯನ್ನೂ ಸ್ವಲ್ಪ ನೋಡಿಕೋ ಎಂಬ ಕಿವಿಮಾತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಮಾತೆತ್ತಿದರೆ, ಲೋಕದ ನ್ಯಾಯಾಲಯಕ್ಕೆ ಹೋಗಬಾರದು ಎಂಬ ವಾಕ್ಯ ತಯಾರಾಗಿರುತ್ತದೆ. ನಾತಾನನ ಹೆಸರು ಹೇಳಿ ದಾವೀದನ ಕೆಲಸ ಮಾಡುವುದೆಂದರೆ ಇದೇ.

ಇನ್ನು ಯೋಬನ ಗೆಳೆಯರು. ಪಾಪ ಹುಡುಕುವ ಸಮಾಲೋಚಕರ ಮೊದಲ ಸಂಘ ಎಂದರೆ ಇವರದೇ. ಎಲೀಫಜ, ಬಿಲ್ದದ, ಚೋಫರ ಮೊದಲು ಮಾಡಿದ್ದು ಬಲು ಚೆನ್ನಾಗಿತ್ತು. ಏಳು ಹಗಲು ಏಳು ರಾತ್ರಿ ಒಂದು ಮಾತಾಡದೆ ಗೆಳೆಯನೊಂದಿಗೆ ನೆಲದ ಮೇಲೆ ಕೂತಿದ್ದರು. ಬಾಯಿ ತೆರೆದಾಗ ಕೆಟ್ಟಿತು. ಅವರು ಹೇಳಿದ್ದು ಸುಳ್ಳು ದೇವಶಾಸ್ತ್ರ ಎಂದು ತಳ್ಳಿಹಾಕುವಂತೆಯೂ ಇಲ್ಲ. ಎಲೀಫಜನ ಒಂದು ಮಾತನ್ನು ಪೌಲನೇ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಶಾಸ್ತ್ರವಚನವೆಂದು ಎತ್ತಿಕೊಂಡಿದ್ದಾನೆ. ಮಾತು ಸರಿ, ಸಂದರ್ಭ ತಪ್ಪು, ಕೂತಿದ್ದವನು ಬೇರೆ. ಕೊನೆಯ ಅಧ್ಯಾಯದಲ್ಲಿ ದೇವರ ಕೋಪ ಉರಿಯುವುದು ಕೂಗಾಡಿದ, ದೇವರನ್ನೇ ವ್ಯಾಜ್ಯಕ್ಕೆ ಕರೆದ ಯೋಬನ ಮೇಲಲ್ಲ. ದೇವರ ಪರವಾಗಿ ವಾದಿಸಿದ ಈ ಮೂವರ ಮೇಲೆ. ಯೋಬ ಅವರಿಗಾಗಿ ಪ್ರಾರ್ಥಿಸಬೇಕಾಗಿ ಬರುತ್ತದೆ. ರೋಗಿಯೇ ಸಮಾಲೋಚಕರಿಗಾಗಿ ಬೇಡಿಕೊಳ್ಳುವ ಈ ದೃಶ್ಯವನ್ನು ಬೈಬಲ್ ಕಾಲೇಜುಗಳು ಪಾದ್ರಿಗಳಿಗೆ ಪರೀಕ್ಷೆಯ ಪ್ರಶ್ನೆಯಾಗಿ ಇಡಬೇಕು. ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಪಾಪ ಮಾಡಿದವನು ಇವನೋ ಇವನ ಹೆತ್ತವರೋ ಎಂದು ಕೇಳಿದ್ದರು. ಎರಡೂ ಅಲ್ಲ ಎಂಬ ಉತ್ತರ ಸಿಕ್ಕಿ ಎರಡು ಸಾವಿರ ವರ್ಷವಾಗುತ್ತ ಬಂತು, ಪ್ರಶ್ನೆ ಮಾತ್ರ ನಿಂತಿಲ್ಲ.

ಇಷ್ಟಕ್ಕೂ ಕುಗ್ಗಿದವರ ದನಿಗೆ ಬೈಬಲ್ ಕೊಟ್ಟಷ್ಟು ಜಾಗ ನಮ್ಮ ಭಾನುವಾರದ ಆರಾಧನೆ ಕೊಡುವುದಿಲ್ಲ. 150 ಕೀರ್ತನೆಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಪ್ರಲಾಪಗಳು. ಅವುಗಳಲ್ಲಿ ಬಹುಪಾಲು ಕೊನೆಗೆ ಸ್ತುತಿಯ ಕಡೆ ಹೊರಳುತ್ತವೆ, 88ನೆಯದು ಹೊರಳುವುದಿಲ್ಲ. ಕತ್ತಲೆ ಎಂಬಲ್ಲಿಗೇ ಮುಗಿಯುತ್ತದೆ. ಅದನ್ನು ಸಂಕಲಿಸಿದವರು ಒಂದು ಹಲ್ಲೆಲೂಯ ಸೇರಿಸಿ ಸರಿಮಾಡಲಿಲ್ಲ. ಅದೇ ಕೀರ್ತನೆಯನ್ನು ಯಾರಾದರೂ ಇಂದು ಸಭೆಯಲ್ಲಿ ಎದ್ದು ನಿಂತು ಸಾಕ್ಷಿಯಾಗಿ ಹೇಳಿದರೆ ಮೈಕು ಕಸಿದುಕೊಂಡಾರು.

ಈಗ ಎದುರಾಳಿಗಳ ಕೋಟೆಗೆ ಹೋಗಬೇಕು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ 3ನೆಯ ಅಧ್ಯಾಯ: ಶಾಸ್ತ್ರವೆಲ್ಲ ದೈವಪ್ರೇರಿತ, ಉಪದೇಶಕ್ಕೂ ತಿದ್ದುಪಾಟಿಗೂ ಉಪಯುಕ್ತ, ದೇವರ ಮನುಷ್ಯನನ್ನು ಸತ್ಕಾರ್ಯಕ್ಕೆ ಸಜ್ಜುಗೊಳಿಸುತ್ತದೆ ಎಂಬ ಆಶಯದ ಮಾತು. ಸಜ್ಜುಗೊಳಿಸುತ್ತದೆ ಎಂದದ್ದು ಮನುಷ್ಯನನ್ನು. ಸಜ್ಜಾದ ಮನುಷ್ಯ ಬೇರೆಯವರಿಂದ ಏನನ್ನೂ ಕಲಿಯಬಾರದೆಂದು ಅಲ್ಲಿಲ್ಲ. ತಿಮೊಥೆಯನಿಗೇ ಬರೆದ ಮೊದಲ ಪತ್ರದಲ್ಲಿ, ನಿನ್ನ ಹೊಟ್ಟೆಯ ತೊಂದರೆಗೆ ಬರೀ ನೀರು ಬಿಟ್ಟು ಸ್ವಲ್ಪ ದ್ರಾಕ್ಷಾರಸ ತೆಗೆದುಕೊ ಎಂಬ ಸಲಹೆಯಿದೆ. ಹಿಜ್ಕೀಯ ಅರಸನ ಹುಣ್ಣಿಗೆ, ನಿನ್ನ ಪ್ರಾರ್ಥನೆ ಕೇಳಿದ್ದೇನೆ ಎಂಬ ದೈವವಾಣಿಯನ್ನು ತಂದ ಯೆಶಾಯನೇ, ಅಂಜೂರದ ಉಂಡೆ ತಂದು ಕಟ್ಟಿ ಎಂದ. ವಾಗ್ದಾನವೂ ಬಂತು, ಪಟ್ಟೂ ಬಂತು. ಒಂದು ಇನ್ನೊಂದರ ಮೇಲಿನ ಅಪನಂಬಿಕೆ ಎಂದು ಯಾರಿಗೂ ಅನ್ನಿಸಲಿಲ್ಲ. ಬೆಳಗಿಂದ ಸಂಜೆಯವರೆಗೆ ಜನರ ವ್ಯಾಜ್ಯ ಕೇಳಿ ಸವೆಯುತ್ತಿದ್ದ ಮೋಶೆಗೆ, ಹೀಗಾದರೆ ನೀನೂ ಬಳಲುತ್ತೀ, ಜನರೂ ಬಳಲುತ್ತಾರೆ, ಕೆಲಸ ಹಂಚು ಎಂದು ಹೇಳಿದವನು ಅವನ ಮಾವ, ಮಿದ್ಯಾನಿನ ಯಾಜಕ. ಇಸ್ರಾಯೇಲಿನವನೇ ಅಲ್ಲ.

ಎಲ್ಲಕ್ಕಿಂತ ಮುಜುಗರದ ಸಂಗತಿ ಜ್ಞಾನೋಕ್ತಿಗಳ ಗ್ರಂಥದಲ್ಲಿದೆ. ಸಮಾಲೋಚಕರು ಹೆಚ್ಚು ಬಳಸುವ ಪುಸ್ತಕ ಅದು. ಅದರ 22ನೆಯ ಅಧ್ಯಾಯದ ನಡುವಿನಿಂದ 23ರ ಮೊದಲ ಭಾಗದವರೆಗಿನ ಮಾತುಗಳು ಈಜಿಪ್ಟಿನ ಅಮೆನೆಮೋಪೆ ಎಂಬ ಲಿಪಿಕಾರನ ಬೋಧನೆಗೆ ಎಷ್ಟು ಹತ್ತಿರವಾಗಿವೆ ಎಂಬುದನ್ನು 1924ರಲ್ಲಿ ಜರ್ಮನ್ ವಿದ್ವಾಂಸ ಅಡಾಲ್ಫ್ ಎರ್ಮನ್ ತೋರಿಸಿದರು. ಇಬ್ರಿಯ ಸಂಕಲನಕಾರರು ಈಜಿಪ್ಟಿನ ಬೋಧನೆಯಿಂದ ತೆಗೆದುಕೊಂಡರು ಎಂಬುದೇ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಅಂದರೆ "ಹೊರಗಿನವರಿಂದ ಕಲಿಯಬಾರದು" ಎನ್ನಲು ಬಳಸುವ ಪುಸ್ತಕದೊಳಗೇ ಹೊರಗಿನವರ ಪಾಠವಿದೆ. ಆಡಮ್ಸ್ ಅವರ ಸಂಪ್ರದಾಯಕ್ಕೆ ಪಿತಾಮಹನಾದ ಕ್ಯಾಲ್ವಿನನೂ, ಅನ್ಯರ ಬರಹದಲ್ಲಿ ಸತ್ಯ ಕಂಡರೆ ಅದನ್ನು ಹೀಗಳೆಯುವುದು ಆತ್ಮನಿಗೇ ಅವಮಾನ ಎಂಬರ್ಥದಲ್ಲಿ ಬರೆದವನು, ವೈದ್ಯವನ್ನು ಹೆಸರಿಸಿಯೇ.

"ದೇಹದ ಕಾಯಿಲೆಗೆ ವೈದ್ಯ ಬೇಡ ಎಂದು ನಾವೆಂದೂ ಹೇಳಿಲ್ಲ" ಎಂಬುದು ಅವರ ಕೊನೆಯ ಆಸರೆ. ನಿಜ, ಆಡಮ್ಸ್ ಅದನ್ನು ಸ್ಪಷ್ಟವಾಗಿ ಒಪ್ಪಿದ್ದರು. ಆದರೆ ಗೆರೆ ಎಳೆಯುವವರು ಯಾರು? ಥೈರಾಯ್ಡ್ ಕಡಿಮೆಯಾದವರೂ ಕುಗ್ಗುತ್ತಾರೆ, ಬಿ12 ಕೊರತೆಯವರೂ ಕುಗ್ಗುತ್ತಾರೆ, ಬಾಣಂತಿಯರೂ ಕುಗ್ಗುತ್ತಾರೆ. ಕಣ್ಣೀರಿನ ಬಣ್ಣ ನೋಡಿ ಇದು ಗ್ರಂಥಿಯದು, ಇದು ಪಾಪದ್ದು ಎಂದು ವಿಂಗಡಿಸುವ ವರ ಯಾವ ಸೆಮಿನರಿಯೂ ಕೊಡುವುದಿಲ್ಲ. ದೇಹ–ಆತ್ಮಗಳ ನಡುವೆ ಚಾಕು ಹಾಯಿಸುವುದು ಇಬ್ರಿಯ ಬೈಬಲಿನ ರೂಢಿಯೂ ಅಲ್ಲ. ನಾವು 'ಪ್ರಾಣ' ಎಂದು ಅನುವಾದಿಸುವ 'ನೆಫೆಷ್' ಎಂಬ ಪದಕ್ಕೆ ಗಂಟಲು ಎಂಬ ಅರ್ಥವೂ ಇದೆ. ಕೀರ್ತನಕಾರ ದುಃಖಪಟ್ಟಾಗ ಎಲುಬು ಸವೆಯುತ್ತದೆ, ಕಣ್ಣು ಮಂಜಾಗುತ್ತದೆ, ಊಟ ಮರೆಯುತ್ತದೆ.

ಆಡಮ್ಸ್ ಅವರ ಬಳಗದಲ್ಲೇ ಇದು ಕೆಲವರಿಗೆ ಅರ್ಥವಾಯಿತು. ಡೇವಿಡ್ ಪೌಲಿಸನ್ ಮೊದಲಾದ ಮುಂದಿನ ತಲೆಮಾರಿನವರು ಪಾಪದ ಜೊತೆ ನೋವಿಗೂ ಜಾಗ ಕೊಟ್ಟು ಮೊದಲಿನ ಬಿಗಿ ಸಡಿಲಿಸಿದರು. ನಮ್ಮಲ್ಲಿ ಓಡಾಡುತ್ತಿರುವುದು ಮಾತ್ರ ಆ ಹಳೆಯ ಆವೃತ್ತಿ, ಅದೂ ಕಲಬೆರಕೆಯಾಗಿ. ಪಾಪ ಎಂಬಲ್ಲಿ ಕೆಲವರು ದುರಾತ್ಮ ಎನ್ನುತ್ತಾರೆ, ಕೆಲವರು ವಿಶ್ವಾಸದ ಕೊರತೆ ಎನ್ನುತ್ತಾರೆ. ದುರಾತ್ಮ ಬಿಡಿಸುವವರನ್ನು ಕಂಡರೆ ಆಡಮ್ಸ್ ಅವರಿಗೇ ಸಿಟ್ಟು ಬರುತ್ತಿತ್ತು. ರೋಗಿಯ ಪಾಲಿಗೆ ಮೂರೂ ಒಂದೇ, ತಪ್ಪು ನಿನ್ನದೇ ಎಂಬ ತೀರ್ಪು.

ಹಳಬರು ಹೀಗಿರಲಿಲ್ಲ. ಮನಗುಂದಿದ ಜೆರೋಮ್ ವೆಲ್ಲರನಿಗೆ 1530ರಲ್ಲಿ ಪತ್ರ ಬರೆದ ಲೂಥರ್, ಒಬ್ಬನೇ ಕೂರಬೇಡ, ಜನರ ನಡುವೆ ಹೋಗು, ನಗು, ಆಡು, ಕುಡಿ ಎಂದಿದ್ದ. ಪ್ಯೂರಿಟನ್ ಪಾದ್ರಿ ರಿಚರ್ಡ್ ಬ್ಯಾಕ್ಸ್‌ಟರ್ 17ನೇ ಶತಮಾನದಲ್ಲಿ ವಿಷಣ್ಣತೆಯ ಬಗ್ಗೆ ಮಾಡಿದ ಪ್ರಸಂಗದ ಶೀರ್ಷಿಕೆಯಲ್ಲೇ ನಂಬಿಕೆ ಮತ್ತು ಔಷಧ ಎರಡೂ ಜೋಡಿಯಾಗಿ ಕೂತಿವೆ. ರೋಗಿ ಒಲ್ಲೆನೆಂದರೂ ಬಿಡದೆ ಔಷಧ ಕುಡಿಸಿ ಎನ್ನುವವನು ಅವನು. ಕವಿ ವಿಲಿಯಂ ಕೂಪರ್ 1773ರಲ್ಲಿ ಮತ್ತೆ ಕುಸಿದಾಗ ಪಾದ್ರಿ ಜಾನ್ ನ್ಯೂಟನ್ ಅವನನ್ನು ಒಂದು ವರ್ಷಕ್ಕೂ ಮಿಕ್ಕಿ ತನ್ನ ಮನೆಯಲ್ಲೇ ಇಟ್ಟುಕೊಂಡ. ಲಂಡನ್ನಿನ ಸರ್ರೆ ಗಾರ್ಡನ್ಸ್ ಸಭಾಂಗಣದಲ್ಲಿ 1856ರ ಅಕ್ಟೋಬರ್ 19ರಂದು ನೂಕುನುಗ್ಗಲಿಗೆ 7 ಜನ ಸತ್ತ ದುರಂತದ ಬಳಿಕ ಆ ನೆನಪು ಅಲ್ಲಿ ಪ್ರಸಂಗಕ್ಕೆ ನಿಂತಿದ್ದ ಸ್ಪರ್ಜನ್‌ನನ್ನು ಬಿಡಲೇ ಇಲ್ಲ. ಮುಂದೆ ತನ್ನ ವಿದ್ಯಾರ್ಥಿಗಳಿಗೆ ಸೇವಕರ ಕುಗ್ಗುವಿಕೆಯ ಬಗ್ಗೆಯೇ ಒಂದು ಪಾಠ ಮಾಡಿದ. ದೇಹದ ಕಾಯಿಲೆ, ಕೂತಲ್ಲೇ ಕೂತು ಓದುವುದು, ಬಿಡುವಿಲ್ಲದ ದುಡಿಮೆ ಎಲ್ಲವನ್ನೂ ಕಾರಣಗಳಲ್ಲಿ ಸೇರಿಸಿದ. ಚಳಿಗಾಲದಲ್ಲಿ ಫ್ರಾನ್ಸಿನ ಮೆಂಟೋನಿಗೆ ವಿಶ್ರಾಂತಿಗೆಂದು ಹೋಗುತ್ತಿದ್ದ. ಇವರಲ್ಲಿ ಯಾರನ್ನೂ ವಾಕ್ಯದಲ್ಲಿ ಹಗುರವಾದವರು ಎನ್ನಲು ಯಾರಿಗೂ ಧೈರ್ಯ ಬರಲಾರದು.

ಹಾಗೆಂದು ಪಾಸ್ಟರ್ ಬೈಬಲ್ ಮುಚ್ಚಿಟ್ಟು ಅರೆಬೆಂದ ಮನಶ್ಶಾಸ್ತ್ರಜ್ಞನಾಗಬೇಕೆಂದಲ್ಲ. ಅಂಥವರೂ ಇದ್ದಾರೆ: ಮೂರು ದಿನದ ಕಾರ್ಯಾಗಾರ ಮುಗಿಸಿ, ಗೋಡೆಗೆ ಸರ್ಟಿಫಿಕೇಟು ಹಾಕಿ, ಸಾಯುತ್ತಿರುವ ಮುದುಕಿಯ ಪಕ್ಕದಲ್ಲೂ ಪ್ರಾರ್ಥಿಸಲು ಸಂಕೋಚಪಡುವವರು. ಆ ಮುದುಕಿಗೆ ಬೇಕಿದ್ದುದು 23ನೆಯ ಕೀರ್ತನೆ.

ಪ್ರಾರ್ಥನೆಯ ಜೊತೆ ವೈದ್ಯರೂ ಬೇಕು ಎಂಬ ಮಾತಿಗೆ ಕರ್ನಾಟಕದಲ್ಲಿ ತೂಕ ಹೆಚ್ಚು. ನಿಮ್ಹಾನ್ಸ್ ನೇತೃತ್ವದಲ್ಲಿ ನಡೆದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ರೋಗಿಗಳಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಇಂಥ ದೇಶದಲ್ಲಿ ನೊಂದವರು ಮೊದಲು ತಟ್ಟುವ ಬಾಗಿಲು ಗುಡಿಯದೋ ದರ್ಗಾದ್ದೋ ಚರ್ಚಿನದೋ ಆಗಿರುತ್ತದೆ. ಆ ಬಾಗಿಲಲ್ಲಿ ನಿಂತವರು ಒಳಗೇ ಇರಿ, ಬೇರೆಲ್ಲೂ ಹೋಗಬೇಡಿ ಎಂದರೆ ಏನಾಗುತ್ತದೆಂಬುದಕ್ಕೆ ತಮಿಳುನಾಡಿನ ದರ್ಗಾದ ಊರು ಏರ್ವಾಡಿ ಸಾಕ್ಷಿ. 2001ರ ಆಗಸ್ಟ್ 6ರ ನಸುಕಿನಲ್ಲಿ ಅಲ್ಲಿನ ಆಶ್ರಯಮನೆಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸತ್ತರು. ಸತ್ತವರು 28 ಮಂದಿ. ಇದು ಒಂದು ಧರ್ಮದವರ ತಪ್ಪಲ್ಲ.

ಬಾಗಿಲನ್ನು ತೆರೆದಿಟ್ಟವರೂ ಇದ್ದಾರೆ. ಕನ್ನಡಿಗರು ರೈಲು ಹತ್ತಿ ಹೋಗುವ ವೆಲ್ಲೂರಿನ ಕ್ರೈಸ್ತ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ರೋಗಿಯ ಜೊತೆ ಮನೆಯವರೊಬ್ಬರು ಉಳಿಯುವುದು ದಶಕಗಳ ಪದ್ಧತಿ. ಮಿಷನ್ ಆಸ್ಪತ್ರೆಯಲ್ಲಿ ಪ್ರಾರ್ಥನೆಯೂ ಇದೆ, ಮಾತ್ರೆಯೂ ಇದೆ. ಎರಡೂ ಜಗಳವಾಡಿದ ಸುದ್ದಿಯಿಲ್ಲ. ಬಳ್ಳಾರಿಯದು ಇನ್ನೊಂದು ಕಥೆ. 19ನೇ ಶತಮಾನದ ಆರಂಭದ ದಶಕಗಳಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತಂದದ್ದು ಆ ಊರಿನಲ್ಲಿ ಕೂತು. 1980ರ ದಶಕದಲ್ಲಿ ನಿಮ್ಹಾನ್ಸ್ ಅದೇ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿತು. ಅದೇ 'ಬಳ್ಳಾರಿ ಮಾದರಿ' ಎಂದು ಹೆಸರಾಗಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಗೆ ಕಲಿಯಲು ಸಾಧ್ಯವಾದದ್ದು ಸಭಾಪಾಲಕರಿಗೆ ಯಾಕೆ ಸಾಧ್ಯವಿಲ್ಲ? ಎರಡು ವಾರಕ್ಕೂ ಮೀರಿದ ನಿದ್ರಾಹೀನತೆ, ಊಟ ಬಿಟ್ಟಿರುವುದು, ಸಾವಿನ ಮಾತು, ಇವಿಷ್ಟನ್ನು ಗಮನಿಸಲು ಎಂಡಿ ಬೇಕಿಲ್ಲ. ಬೈಬಲಿನ ಕೊನೆಯ ಖಾಲಿ ಹಾಳೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಫೋನ್ ನಂಬರು, ಟೆಲಿ ಮನಸ್ ಸಹಾಯವಾಣಿ 14416 ಬರೆದಿಟ್ಟುಕೊಂಡರೆ ದೈವಪ್ರೇರಣೆಗೆ ಕುಂದಾಗುವುದಿಲ್ಲ.

ಆದರೂ ಯಾರಾದರೂ ತಿಮೊಥೆಯನ ಎರಡನೆಯ ಪತ್ರವನ್ನೇ ಎತ್ತಿ ಹಿಡಿದು ಶಾಸ್ತ್ರ ಒಂದೇ ಸಾಕೆಂದು ಹಟ ಹಿಡಿದರೆ, ಒಂದು ಪುಟ ಮುಂದೆ ತಿರುಗಿಸಲು ಹೇಳಬೇಕು. ಪೌಲ ಸೆರೆಯಲ್ಲಿದ್ದಾನೆ, ಸಾವು ಹತ್ತಿರ ಬಂದಿದೆ, ಜೊತೆಗಿದ್ದವರಲ್ಲಿ ಒಬ್ಬೊಬ್ಬರೇ ಬಿಟ್ಟುಹೋಗಿದ್ದಾರೆ. ಬೇಗ ಬಾ, ಚಳಿಗಾಲ ಶುರುವಾಗುವ ಮೊದಲೇ ಬಾ ಎಂದು ತಿಮೊಥೆಯನನ್ನು ಬೇಡುತ್ತಾನೆ. ಬರುವಾಗ ಪುಸ್ತಕಗಳನ್ನು ತಾ, ಚರ್ಮದ ಸುರುಳಿಗಳನ್ನಂತೂ ಮರೆಯಬೇಡ. ತ್ರೋವ ಊರಿನಲ್ಲಿ ಕರ್ಪನ ಮನೆಯಲ್ಲಿ ಬಿಟ್ಟುಬಂದ ನನ್ನ ಮೇಲಂಗಿಯನ್ನೂ ತಾ. ಈಗ ಪಕ್ಕದಲ್ಲಿ ಉಳಿದಿರುವವನು ಒಬ್ಬನೇ ಎಂದೂ ಬರೆಯುತ್ತಾನೆ. ಅವನು ಲೂಕ, ವೈದ್ಯ.